ಪತ್ರೊಡೆಯ ಬರಹ ಕಳವಾದ ಮೇಲೆ: ಕಾಪಿಸ್ಕೇಪ್ ಮತ್ತು ಗೂಗಲ್‌ನ ಕೃತಿಸ್ವಾಮ್ಯ ಅರ್ಜಿ, ಬಳಸಿ ನೋಡಿದ ಅನುಭವ

ಕರಾವಳಿಯ ಮಳೆಗಾಲದ ಅಡುಗೆಗಳನ್ನು ಕುರಿತು ನಾನು ಕೆಲವು ವರ್ಷಗಳಿಂದ ನನ್ನದೇ ಒಂದು ಸಣ್ಣ ಜಾಲತಾಣದಲ್ಲಿ ಬರೆಯುತ್ತಿದ್ದೇನೆ. ಆಟಿ ತಿಂಗಳಲ್ಲಿ, ಕೆಸುವಿನ ಎಲೆಯಿಂದ ಮಾಡುವ ಪತ್ರೊಡೆಯ ಬಗ್ಗೆ ಬರೆದಾಗ, ಕೆಸುವಿನ ತುರಿಕೆ ಹೋಗಲು ಹಾಕಬೇಕಾದ ಹುಣಸೆಹಣ್ಣಿನ ಅಳತೆಯನ್ನು ಅವಸರದಲ್ಲಿ ನಿಂಬೆಹಣ್ಣಿನ ಗಾತ್ರ ಎನ್ನುವ ಬದಲು ನೆಲ್ಲಿಕಾಯಿ ಗಾತ್ರ ಎಂದು ಬರೆದುಬಿಟ್ಟಿದ್ದೆ. ಓದುಗರೊಬ್ಬರು ಗಂಟಲು ಕೆರೆಯಿತೆಂದು ತಿಳಿಸಿದ ಮೇಲೆ ಮೂರನೆಯ ದಿನ ಅದನ್ನು ತಿದ್ದಿದೆ. ಎರಡು ತಿಂಗಳ ತರುವಾಯ ಅದೇ ಬರಹವನ್ನು ಬೇರೊಂದು ತಾಣದಲ್ಲಿ, ಬೇರೆಯವರ ಹೆಸರಿನಲ್ಲಿ, ಸುತ್ತಲೂ ಜಾಹೀರಾತುಗಳ ನಡುವೆ ಕಂಡೆ. ಚಿತ್ರದಲ್ಲಿದ್ದ ಅಂಚು ಒಡೆದ ಪಿಂಗಾಣಿ ತಟ್ಟೆ ನಮ್ಮ ಮನೆಯದು; ಹುಣಸೆ ಮಾತ್ರ ಅಲ್ಲಿ ಇನ್ನೂ ನೆಲ್ಲಿಕಾಯಿ ಗಾತ್ರದಲ್ಲಿಯೇ ಇತ್ತು. ಪ್ರಕಟವಾದ ಮೂರು ದಿನಗಳೊಳಗೆ ಯಾರೋ, ಅಥವಾ ಯಾವುದೋ ಯಂತ್ರ, ಅದನ್ನು ಎತ್ತಿಕೊಂಡಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಆಗ ನಾನು ಬಳಸಿದ ಎರಡು ಸೇವೆಗಳ ವಿಮರ್ಶೆ ಇದು. ಒಂದು, ನಕಲನ್ನು ಪತ್ತೆ ಹಚ್ಚುವ ಕಾಪಿಸ್ಕೇಪ್; ಇನ್ನೊಂದು, ನಕಲನ್ನು ಹುಡುಕಾಟದ ಫಲಿತಾಂಶದಿಂದ ತೆಗೆಸಲು ಗೂಗಲ್ ಇಟ್ಟಿರುವ ಉಚಿತ ಅರ್ಜಿ. ಎರಡನೆಯದರ ಬಗ್ಗೆಯೇ ಹೆಚ್ಚು ಹೇಳುವುದಿದೆ.

ಕಾಪಿಸ್ಕೇಪ್ 2004ರಿಂದ ನಡೆಯುತ್ತಿರುವ ಸೇವೆ. ನಿಮ್ಮ ಪುಟದ ವಿಳಾಸವನ್ನು ಕೊಟ್ಟರೆ ಅದೇ ಪದಗಳು ಸಾಲಾಗಿ ಬಂದಿರುವ ಬೇರೆ ಪುಟಗಳನ್ನು ಅದು ತೋರಿಸುತ್ತದೆ. ಉಚಿತ ಬಳಕೆಯಲ್ಲಿ ಫಲಿತಾಂಶಗಳೂ ಹುಡುಕಾಟಗಳೂ ಮಿತವಾಗಿರುತ್ತವೆ. ಹಣ ಕೊಟ್ಟರೆ ಪುಟದ ವಿಳಾಸವಿಲ್ಲದೆ ಬರಿಯ ಪಠ್ಯವನ್ನೇ ಅಂಟಿಸಿ ಹುಡುಕಬಹುದು. ಮೊದಲ 200 ಪದಗಳಿಗೆ 3 ಸೆಂಟ್, ಆಮೇಲಿನ ಪ್ರತಿ 100 ಪದಗಳಿಗೆ 1 ಸೆಂಟ್ ಎಂಬುದು ನಾನು ಬಳಸಿದಾಗ ಇದ್ದ ದರ. ಪದಗಳನ್ನು ಎಣಿಸಿ ಹಣ ಪಡೆಯುವ ಸೇವೆಯಲ್ಲಿ ವಿಭಕ್ತಿ ಪ್ರತ್ಯಯಗಳನ್ನೆಲ್ಲ ಪದದ ಬಾಲಕ್ಕೇ ಕಟ್ಟಿಕೊಂಡು ನಡೆಯುವ ಕನ್ನಡಿಗರಿಗೆ ಸ್ವಲ್ಪ ಉಳಿತಾಯವೇ ಆಗುತ್ತದೆ. ಇಂಗ್ಲಿಷಿನಲ್ಲಿ ಮೂರು ಪದ ತಿನ್ನುವ ಮಾತು ನಮ್ಮಲ್ಲಿ ಒಂದೇ ಪದದಲ್ಲಿ ಮುಗಿಯುತ್ತದೆ.

ಆದರೆ ಪದಕ್ಕೆ ಪದವಿಟ್ಟು ಹೋಲಿಸುವ ಯಾವ ಸೇವೆಯೂ ಅನುವಾದವಾಗಿ ಹೋದ ಬರಹವನ್ನು ಹಿಡಿಯಲಾರದು. ಕನ್ನಡದ ಬರಹ ತೆಲುಗಿಗೋ ಇಂಗ್ಲಿಷಿಗೋ ಯಂತ್ರದ ಮೂಲಕ ಹಾಯ್ದು ಹೋದರೆ ಅದನ್ನು ಕಂಡುಹಿಡಿಯಲು ಒಡೆದ ತಟ್ಟೆಯ ಚಿತ್ರವೇ ಗತಿ, ಅಂದರೆ ಚಿತ್ರದ ಮೂಲಕ ಹುಡುಕುವ ಗೂಗಲ್ ಲೆನ್ಸ್‌ನಂಥ ಸಾಧನವೇ ಆಗಬೇಕು. ಕನ್ನಡದಂಥ ಲಿಪಿಗಳಲ್ಲಿ ಬರುವ ಇನ್ನೊಂದು ತೊಡಕೂ ಇದೆ. ‘ಕುಕ್ಕರ್‌ನಲ್ಲಿ’ ಎಂದು ಬರೆಯುವಾಗ ರಕಾರ ಮತ್ತು ನಕಾರಗಳ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ, ಶೂನ್ಯ ಅಗಲದ ಬೇರ್ಪಡಿಕೆ, ಕುಳಿತಿರುತ್ತದೆ. ಅದು ಇಲ್ಲದಿದ್ದರೆ ಪದ ‘ಕುಕ್ಕರ್ನಲ್ಲಿ’ ಎಂದು ಅರ್ಕಾವೊತ್ತು ಹೊತ್ತುಕೊಂಡು ನಿಲ್ಲುತ್ತದೆ. ಓದುವವರಿಗೆ ಎರಡೂ ಒಂದೇ, ಯಂತ್ರಕ್ಕೆ ಎರಡೂ ಬೇರೆ ಬೇರೆ. ಆದ್ದರಿಂದ ಗೂಗಲ್‌ನಲ್ಲಿ ಒಂದು ಸಾಲನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಇದ್ದಂತೆಯೇ ಹುಡುಕಲು ಇಂಥ ಪದಗಳಿಲ್ಲದ, ಪತ್ರೊಡೆ ಮತ್ತು ಪತ್ರೋಡೆಗಳಂಥ ಕಾಗುಣಿತ ಭೇದಗಳೂ ಇಲ್ಲದ, ನಿಮ್ಮದೇ ಎಂದು ನೀವು ಬಲ್ಲ ಒಂದು ವಾಕ್ಯವನ್ನು ಆರಿಸಿಕೊಳ್ಳುವುದು ಕ್ಷೇಮ. ನಾನು ಆರಿಸಿದ್ದು ‘ಎಲೆಯ ಬೆನ್ನಿನ ನರ ಮುರಿದ ಸದ್ದು ಕೇಳಿದರೆ ಸಾಕು’ ಎಂಬುದನ್ನು. ಆ ಒಂದು ಸಾಲಿಗೆ ಸಿಕ್ಕ ತಾಣಗಳು ಮೂರು. ಸತ್ಯ ಹೇಳಬೇಕೆಂದರೆ, ಬರಹಗಳು ಹತ್ತಿಪ್ಪತ್ತು ಮಾತ್ರ ಇದ್ದವರಿಗೆ ಈ ಬಗೆಯ ಹುಡುಕಾಟವೂ ಅದೇ ವಾಕ್ಯದ ಮೇಲಿಟ್ಟ ಒಂದು ಗೂಗಲ್ ಅಲರ್ಟ್ (ಆ ಸಾಲು ಹೊಸದಾಗಿ ಎಲ್ಲಾದರೂ ಕಂಡರೆ ಮಿಂಚಂಚೆಯಲ್ಲಿ ತಿಳಿಸುವ ಸೇವೆ) ಕೂಡ ಸಾಕು. ನೂರಾರು ಬರಹಗಳಿರುವವರಿಗೆ ಮಾತ್ರ ಕಾಪಿಸ್ಕೇಪ್‌ಗೆ ಹಣ ಕೊಡುವುದು ಸಾರ್ಥಕ.

ಕಂಡೊಡನೆ ನಕಲಿಗನಿಗೆ ಪತ್ರ ಬರೆಯಬೇಕೆಂದು ಕೈ ತುರಿಸುವುದು ಸಹಜ, ಆದರೆ ಅದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ನಕಲಿನ ಪುಟವನ್ನೂ ಮೂಲ ಪುಟವನ್ನೂ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಉಳಿಸಿಡಬೇಕು. ಇದು ಉಚಿತ, ವಿಳಾಸ ಕೊಟ್ಟರೆ ಆ ಕ್ಷಣದ ಪುಟವನ್ನು ದಿನಾಂಕ, ಸಮಯದೊಂದಿಗೆ ಮೂರನೆಯವರೊಬ್ಬರು ದಾಖಲಿಸಿದಂತಾಗುತ್ತದೆ. ನಕಲಿಗರು ತಮ್ಮ ಪುಟಕ್ಕೆ ಹಿಂದಿನ ದಿನಾಂಕ ಹಾಕಿ, ಮೂಲವೇ ತಮ್ಮದೆಂದು ವಾದಿಸಿದ ಉದಾಹರಣೆಗಳು ಬರಹಗಾರರ ವಲಯದಲ್ಲಿ ಬೇಕಾದಷ್ಟಿವೆ. ನನ್ನ ತಿದ್ದುಪಡಿಗೆ ಮುಂಚಿನ ಪುಟ ಆ ಭಂಡಾರದಲ್ಲಿ ಹೇಗೋ ದಾಖಲಾಗಿದ್ದುದು ನನ್ನ ಅದೃಷ್ಟ.

ಪತ್ರ ಬರೆಯಲು ಹೊರಟ ಎರಡು ತಾಣಗಳಲ್ಲಿ ಒಂದು ಕ್ಷಮೆ ಕೇಳದೆಯೇ ಪುಟವನ್ನು ತೆಗೆಯಿತು. ಇನ್ನೊಂದರಲ್ಲಿ ಸಂಪರ್ಕದ ಪುಟವೇ ಕೆಲಸ ಮಾಡುತ್ತಿರಲಿಲ್ಲ. ಮೂರನೆಯದರಲ್ಲಿ ವಿಳಾಸವೇ ಇರಲಿಲ್ಲ, ಡೊಮೇನ್, ಅಂದರೆ ತಾಣದ ಹೆಸರಿನ, ನೋಂದಣಿಯ ವಿವರ ಗೌಪ್ಯತೆಯ ಪರದೆಯ ಹಿಂದಿತ್ತು. ತಾಣದ ಕಡತಗಳಿಗೆ ಜಾಗ ಕೊಡುವ ಹೋಸ್ಟಿಂಗ್ ಸಂಸ್ಥೆಗೆ ಬರೆಯೋಣವೆಂದು ಹುಡುಕಿದಾಗ ಸಿಕ್ಕ ಹೆಸರು, ತಾಣದ ಮುಂದೆ ನಿಂತು ದಟ್ಟಣೆಯನ್ನು ಹಾಯಿಸುವ ಮಧ್ಯವರ್ತಿಯದು. ಕಡತಗಳು ಇರುವುದು ಅದರ ಹಿಂದಿನ ಬೇರೊಂದು ಸರ್ವರ್‌ನಲ್ಲಿ. ಅದನ್ನು ತಿಳಿಯದೆ ಮಧ್ಯವರ್ತಿಯ ಮೇಲೆ ಕೂಗಾಡುವುದು ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದಂತೆ. ಇಂಥ ಮಧ್ಯವರ್ತಿಗಳಲ್ಲಿ ದೊಡ್ಡದಾದ ಕ್ಲೌಡ್‌ಫ್ಲೇರ್, ತನ್ನ ಮೂಲಕ ಹಾಯುವ ತಾಣದ ಮೇಲಿನ ದೂರನ್ನು ನಿಜವಾದ ಹೋಸ್ಟಿಂಗ್ ಸಂಸ್ಥೆಗೆ ದಾಟಿಸುವ ಪದ್ಧತಿಯನ್ನು ಇಟ್ಟುಕೊಂಡಿದೆ. ನನ್ನ ಪ್ರಕರಣದಲ್ಲಿ ಹೋಸ್ಟಿಂಗ್ ಸಂಸ್ಥೆಯ ಹೆಸರು ಕೊನೆಗೂ ಸಿಕ್ಕಿತು. ಅವರ ಉತ್ತರ ಮಾತ್ರ ‘ನಿಮ್ಮ ದೂರು ತಲುಪಿದೆ’ ಎಂಬ ಯಂತ್ರದ ಸಾಲನ್ನು ದಾಟಿ ಇಂದಿಗೂ ಮುಂದೆ ಹೋಗಿಲ್ಲ.

ಗೂಗಲ್‌ನ ಅರ್ಜಿಗೆ ನಾನು ಬಂದದ್ದು ಆಗ. ಈ ಅರ್ಜಿಯ ಬೇರು ಅಮೆರಿಕದ 1998ರ ಡಿಜಿಟಲ್ ಮಿಲೆನಿಯಮ್ ಕಾಪಿರೈಟ್ ಕಾಯಿದೆಯಲ್ಲಿದೆ, ಎಲ್ಲರೂ ಡಿಎಂಸಿಎ ಎಂದು ಕರೆಯುವುದು ಅದನ್ನೇ. ದೂರು ಬಂದಾಗ ತಡಮಾಡದೆ ತೆಗೆದರೆ ಗೂಗಲ್‌ನಂಥ ಮಧ್ಯವರ್ತಿ ಸಂಸ್ಥೆಗೆ ಹೊಣೆಗಾರಿಕೆಯಿಂದ ರಕ್ಷಣೆ ಎಂಬುದು ಅದರ 512ನೆಯ ವಿಧಿಯ ತಿರುಳು. ದೂರು ಕೊಡಲು ಅಮೆರಿಕದಲ್ಲಿ ಇರಬೇಕಿಲ್ಲ, ಕೃತಿಯನ್ನು ಅಲ್ಲಿ ನೋಂದಾಯಿಸಿರಬೇಕಿಲ್ಲ. ಪುತ್ತೂರಿನಲ್ಲೋ ಸಾಗರದಲ್ಲೋ ಕುಳಿತು ಬರೆದದ್ದಕ್ಕೂ ಅದು ನಡೆಯುತ್ತದೆ. ಇಲ್ಲೊಂದು ಎಚ್ಚರಿಕೆ: ಡಿಎಂಸಿಎ ಎಂಬ ಹೆಸರನ್ನೇ ವಿಳಾಸವಾಗಿಸಿಕೊಂಡು ಹಣಕ್ಕೆ ಇದೇ ಕೆಲಸ ಮಾಡಿಕೊಡುವ ತಾಣವೊಂದಿದೆ. ಅದು ಖಾಸಗಿ ಸಂಸ್ಥೆಯೇ ಹೊರತು ಸರ್ಕಾರದ ಕಚೇರಿಯಲ್ಲ, ಮತ್ತು ಗೂಗಲ್‌ಗೆ ದೂರು ಕೊಡಲು ಅದರ ಹಂಗು ಬೇಕಿಲ್ಲ.

ಅರ್ಜಿಯಲ್ಲಿ ಕೇಳುವುದು ಹೆಚ್ಚೇನಲ್ಲ. ಹೆಸರು, ದೇಶ, ಕೃತಿಯ ವಿವರಣೆ, ಮೂಲ ಪುಟದ ವಿಳಾಸ, ನಕಲಿನ ಪುಟದ ವಿಳಾಸ, ಪ್ರಾಮಾಣಿಕ ನಂಬಿಕೆಯಿಂದ ದೂರುತ್ತಿದ್ದೇನೆಂಬ ಮತ್ತು ಕೊಟ್ಟ ಮಾಹಿತಿ ಸರಿಯೆಂಬ ಘೋಷಣೆಗಳು, ಸಹಿ. ಇಷ್ಟನ್ನು ತುಂಬಲು ಕಾಲು ಗಂಟೆ ಸಾಕು. ಆದರೂ ನಾನು ಮೊದಲ ಸಲ ಎಡವಿದೆ. ನಕಲಿನ ಬರಹದ ವಿಳಾಸವನ್ನು ಕೊಡುವ ಬದಲು ಆ ತಾಣದ ‘ಅಡುಗೆ’ ವಿಭಾಗದ ವಿಳಾಸವನ್ನು ಕೊಟ್ಟಿದ್ದೆ. ಆ ಪುಟದಲ್ಲಿ ದಿನಕ್ಕೊಂದು ಬರಹ ಮೇಲೇರುತ್ತದೆ, ನನ್ನದು ಆ ಹೊತ್ತಿಗೆ ಕೆಳಗೆಲ್ಲೋ ಜಾರಿಹೋಗಿತ್ತು. ದೂರು ತಿರಸ್ಕೃತವಾದದ್ದು ನ್ಯಾಯವೇ. ಎರಡನೆಯ ಸಲ ಸರಿಯಾದ ವಿಳಾಸ ಕೊಟ್ಟು, ವಿವರಣೆಯಲ್ಲಿ ‘ನನ್ನ ಬರಹ ಕದ್ದಿದ್ದಾರೆ’ ಎಂಬ ಅಳಲಿನ ಬದಲು ಎರಡು ಕನ್ನಡ ವಾಕ್ಯಗಳನ್ನು ಇದ್ದಂತೆಯೇ ಇಟ್ಟು, ಅವು ಎರಡೂ ಪುಟಗಳ ಎಷ್ಟನೆಯ ಪ್ಯಾರಾದಲ್ಲಿವೆ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದೆ. ಚಿತ್ರಕ್ಕೆ ಬೇರೆ ಸಾಲು, ಬೇರೆ ವಿಳಾಸ. ಆರನೆಯ ದಿನ ಒಪ್ಪಿಗೆಯ ಮಿಂಚಂಚೆ ಬಂತು, ಹುಡುಕಿದರೆ ಆ ಪುಟ ಸಿಗಲಿಲ್ಲ.

ಅಡುಗೆ ಬರೆಯುವವರು ವಿಶೇಷವಾಗಿ ತಿಳಿದಿರಬೇಕಾದ ಮಾತೊಂದು ಇಲ್ಲಿದೆ. ಪತ್ರೊಡೆ ನನ್ನ ಸ್ವತ್ತಲ್ಲ. ಅಕ್ಕಿ, ಹುಣಸೆ, ಮೆಣಸು, ಬೆಲ್ಲಗಳ ಪಟ್ಟಿಯೂ ಯಾರ ಸ್ವತ್ತೂ ಅಲ್ಲ. ಕೃತಿಸ್ವಾಮ್ಯವಿರುವುದು ಹೇಳಿದ ರೀತಿಗೇ ಹೊರತು ಹೇಳಿದ ವಿಚಾರಕ್ಕಲ್ಲ ಎಂಬುದನ್ನು ನಮ್ಮ ಸುಪ್ರೀಂ ಕೋರ್ಟ್ 1978ರಲ್ಲಿಯೇ, ಆರ್. ಜಿ. ಆನಂದ್ ಮತ್ತು ಡಿಲಕ್ಸ್ ಫಿಲ್ಮ್ಸ್ ನಡುವಿನ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿದೆ. ಇನ್ನೊಬ್ಬರು ಅದೇ ಸಾಮಗ್ರಿಗಳಿಂದ ತಮ್ಮ ಮಾತಿನಲ್ಲಿ ಬರೆದರೆ ನಾನು ದೂರಲಾರೆ, ದೂರಬಾರದು. ಮೂರು ತಾಣಗಳಲ್ಲಿ ಒಂದರ ಬಗ್ಗೆ ನನಗೆ ಈ ಅನುಮಾನವಿದ್ದುದರಿಂದಲೇ ಅದನ್ನು ಅರ್ಜಿಯಲ್ಲಿ ಸೇರಿಸಲಿಲ್ಲ. ಗೊತ್ತಿದ್ದೂ ಸುಳ್ಳು ದೂರು ಕೊಟ್ಟವರು ನಷ್ಟ ಭರಿಸಬೇಕಾದೀತೆಂದು ಡಿಎಂಸಿಎ ಕಾಯಿದೆಯೇ ಹೇಳುತ್ತದೆ.

ಈಗ ಈ ಸೇವೆಯ ಮಿತಿಗಳ ಮಾತು. ಗೂಗಲ್ ತೆಗೆಯುವುದು ತನ್ನ ಫಲಿತಾಂಶದಿಂದ ಮಾತ್ರ, ತಾಣದಿಂದಲ್ಲ. ಅಂಗಡಿಗೆ ಹೋಗುವ ದಾರಿಯ ಫಲಕ ಕಿತ್ತರೂ ಅಂಗಡಿ ತೆರೆದೇ ಇರುತ್ತದೆ. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುವ ಕೊಂಡಿಯನ್ನು ಒತ್ತಿದವರಿಗೆ ನನ್ನ ತಟ್ಟೆ ಈಗಲೂ ಕಾಣುತ್ತದೆ. ಆದರೂ ಇದನ್ನು ನಾನು ಕೀಳಾಗಿ ಕಾಣುವುದಿಲ್ಲ. ಇಂಥ ತಾಣಗಳು ಬದುಕುವುದು ಜಾಹೀರಾತಿನಿಂದ, ಜಾಹೀರಾತು ಬರುವುದು ಓದುಗರಿಂದ, ಅವರಲ್ಲಿ ಬಹುಪಾಲು ಬರುವುದು ಹುಡುಕಾಟದಿಂದ. ಒಂದು ತಾಣದ ಮೇಲೆ ಸಿಂಧುವಾದ ದೂರುಗಳು ಹೆಚ್ಚಾದಷ್ಟೂ ಆ ಇಡೀ ತಾಣದ ಸ್ಥಾನ ಕೆಳಗಿಳಿಯಬಹುದೆಂದು ಗೂಗಲ್ 2012ರಲ್ಲಿ ಪ್ರಕಟಿಸಿತ್ತು. ಅಂದರೆ ನಿಮ್ಮ ಒಂದು ದೂರು ಒಂದು ಪುಟಕ್ಕಷ್ಟೇ ನಿಲ್ಲಬೇಕೆಂದಿಲ್ಲ. ಹಾಗೆಯೇ ಎದುರಾಳಿಗೂ ಪ್ರತಿ ದೂರು ಸಲ್ಲಿಸುವ ಹಕ್ಕಿದೆ. ಅವನು ಅದನ್ನು ಸಲ್ಲಿಸಿ, ನೀವು ನ್ಯಾಯಾಲಯಕ್ಕೆ ಹೋಗದಿದ್ದರೆ, ಪುಟ ಮತ್ತೆ ಮರಳಬಹುದು. ಹೆಸರಿಲ್ಲದ ಕಳ್ಳರು ಈ ದಾರಿ ಹಿಡಿಯುವುದು ಅಪರೂಪ, ಏಕೆಂದರೆ ಅದಕ್ಕೆ ತಮ್ಮ ಹೆಸರು, ವಿಳಾಸಗಳನ್ನು ಕೊಡಬೇಕಾಗುತ್ತದೆ.

ಹೆಸರಿನ ಪ್ರಶ್ನೆ ದೂರುವವರಿಗೂ ಇದೆ, ಮತ್ತು ಇದನ್ನು ಅರ್ಜಿ ತುಂಬುವ ಮೊದಲೇ ಯೋಚಿಸಬೇಕು. ಗೂಗಲ್ ತನಗೆ ಬಂದ ದೂರುಗಳ ಪ್ರತಿಯನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಬೆಳೆದ ಲೂಮೆನ್ ಎಂಬ ಸಾರ್ವಜನಿಕ ಭಂಡಾರಕ್ಕೆ ಕಳುಹಿಸುತ್ತದೆ. ದೂರವಾಣಿ, ಮಿಂಚಂಚೆಗಳನ್ನು ಮರೆಮಾಡಿದರೂ ದೂರಿದವರ ಹೆಸರು ಅಲ್ಲಿ ಕಾಣಬಹುದು. ಕಾವ್ಯನಾಮದಲ್ಲಿ ಬರೆಯುವ, ನಿಜವಾದ ಹೆಸರು ಹೊರಬರಬಾರದೆಂದು ಬಯಸುವ ಲೇಖಕಿಯರಿಗೆ ಇದು ಸಣ್ಣ ವಿಷಯವಲ್ಲ. ತನ್ನ ಪರವಾಗಿ ವಕೀಲರಿಂದ ದೂರು ಕೊಡಿಸಿದ ಗೆಳತಿಯೊಬ್ಬಳನ್ನು ನಾನು ಬಲ್ಲೆ. ಪಾರದರ್ಶಕತೆ ಬೇಕೆಂಬುದನ್ನು ಒಪ್ಪುತ್ತೇನೆ, ಆದರೆ ಈ ಸಂಗತಿಯನ್ನು ಅರ್ಜಿಯಲ್ಲಿ ಇನ್ನಷ್ಟು ದಪ್ಪ ಅಕ್ಷರದಲ್ಲಿ ಹೇಳಿದರೆ ಒಳ್ಳೆಯದು.

ನಕಲಿನ ತಾಣ ಭಾರತದಲ್ಲಿಯೇ ನೆಲೆಸಿದ್ದರೆ ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ದಾರಿಯೂ ಇದೆ. ಕೃತಿ ಬರೆದೊಡನೆ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. 2013ರ ನಿಯಮಗಳ ಪ್ರಕಾರ ಲಿಖಿತ ದೂರು ತಲುಪಿದ 36 ಗಂಟೆಗಳೊಳಗೆ ಮಧ್ಯವರ್ತಿ ಸಂಸ್ಥೆ ಕ್ರಮ ಕೈಗೊಳ್ಳಬೇಕು. 21 ದಿನಗಳೊಳಗೆ ನ್ಯಾಯಾಲಯದ ಆದೇಶ ತರದಿದ್ದರೆ ಅದು ಪುಟವನ್ನು ಮತ್ತೆ ತೆರೆಯಬಹುದು. ಒಂದು ಅಡುಗೆಯ ಬರಹಕ್ಕಾಗಿ 21 ದಿನಗಳಲ್ಲಿ ಜಿಲ್ಲಾ ನ್ಯಾಯಾಲಯದ ಮೆಟ್ಟಿಲು ಹತ್ತುವವರು ಎಷ್ಟು ಮಂದಿ ಎಂದು ನೀವೇ ಊಹಿಸಿಕೊಳ್ಳಿ. ಪುಸ್ತಕದಷ್ಟು ದೊಡ್ಡ ಕಳವಾದರೆ ಮಾತು ಬೇರೆ.

ಒಟ್ಟಿನಲ್ಲಿ ನನ್ನ ಅಂಕಗಳು ಇವು. ಕಾಪಿಸ್ಕೇಪ್‌ಗೆ ಐದಕ್ಕೆ ಮೂರು, ಹೆಚ್ಚು ಬರಹಗಳುಳ್ಳವರಾದರೆ ಇನ್ನರ್ಧ ಸೇರಿಸಿಕೊಳ್ಳಬಹುದು. ಗೂಗಲ್‌ನ ಅರ್ಜಿಗೆ ನಾಲ್ಕು. ಕಳೆದ ಒಂದು ಅಂಕ ಹೆಸರಿನ ವಿಷಯಕ್ಕೆ. ಇವುಗಳ ಜೊತೆಗೆ ಹೊಸ ಬರಹಗಳನ್ನು ತಾನಾಗಿ ಹೊರಗೆ ರವಾನಿಸುವ ನನ್ನ ತಾಣದ ಫೀಡ್‌ನಲ್ಲಿ ಪೂರ್ಣ ಬರಹದ ಬದಲು ಸಾರಾಂಶ ಮಾತ್ರ ಹೋಗುವಂತೆ ಬದಲಿಸಿದ್ದೇನೆ, ಮೂರು ದಿನಗಳೊಳಗೆ ಎತ್ತಿಕೊಂಡದ್ದು ಯಂತ್ರವೇ ಆಗಿದ್ದರೆ ಅದು ಬಂದದ್ದು ಆ ಬಾಗಿಲಿನಿಂದಲೇ ಎಂಬ ಗುಮಾನಿಯಿಂದ. ಮೈಕ್ರೋಸಾಫ್ಟ್‌ನ ಬಿಂಗ್ ಹುಡುಕಾಟಕ್ಕೆ ಬೇರೆಯೇ ಅರ್ಜಿ ಸಲ್ಲಿಸಬೇಕು, ಗೂಗಲ್‌ಗೆ ಕೊಟ್ಟದ್ದು ಅಲ್ಲಿಗೆ ಸಲ್ಲುವುದಿಲ್ಲ. ಅದೇ ವಿವರಣೆ, ಅದೇ ಎರಡು ವಾಕ್ಯಗಳನ್ನು ಅಂಟಿಸಿ ಅದನ್ನು ಮೊನ್ನೆಯಷ್ಟೇ ಕಳುಹಿಸಿದ್ದೇನೆ.