ಆಮಿಶ್ ಊರಿನ ಕೊಲೆ: ನಗುತ್ತಾ ಓದೋದಾ, ನಡುಗುತ್ತಾ ಓದೋದಾ?

ಕುದುರೆ ಗಾಡಿ, ಕರೆಂಟಿಲ್ಲದ ಮನೆ, ಜೋಳದ ಹೊಲ, ಜೊತೆಗೊಂದು ಹೆಣ. ಆಮಿಶರು ಅಂದರೆ ಹೊಸ ಕಾಲದ ಸೌಕರ್ಯಗಳಿಂದ ದೂರ ಉಳಿದು ಬದುಕೋ ಅಮೆರಿಕದ ಒಂದು ಕ್ರೈಸ್ತ ಪಂಗಡ. ಅವರ ಊರಿನ ಇಂಥ ಪತ್ತೇದಾರಿ ಕಥೆ ಬೇಕು ಅಂದರೆ ಟಮಾರ್ ಮೈಯರ್ಸ್ ಮತ್ತು ಲಿಂಡಾ ಕ್ಯಾಸ್ಟಿಲೊ ಅವರ ಇಂಗ್ಲಿಷ್ ಸರಣಿಗಳಿವೆ. ಆದರೆ ಇವೆರಡಕ್ಕೂ ಅಜಗಜಾಂತರ.

1994ರಲ್ಲಿ ಶುರುವಾದ ಮೈಯರ್ಸ್ ಸರಣಿಯಲ್ಲಿ ಕಥೆ ಹೇಳುವವಳು ಮ್ಯಾಗ್ಡಲೀನಾ ಯೋಡರ್. ಪೆನ್ಸಿಲ್ವೇನಿಯಾದ ಹಳ್ಳಿಯಲ್ಲಿ ವಸತಿಗೃಹ ನಡೆಸುತ್ತಾಳೆ. ಇವಳು ಆಮಿಶ್ ಅಲ್ಲ, ಮೆನೊನೈಟ್ (ಆಮಿಶರಿಗೆ ಹತ್ತಿರದ ಇನ್ನೊಂದು ಕ್ರೈಸ್ತ ಪಂಗಡ); ಅಡುಗೆಯ ಫ್ರೆನಿ ಆಮಿಶ್. ಮ್ಯಾಗ್ಡಲೀನಾ ಮಹಾ ಜುಗ್ಗಿ. ಅತಿಥಿಗಳು ತಮ್ಮ ಕೋಣೆ ತಾವೇ ಗುಡಿಸಬೇಕು, ಅದಕ್ಕೆ ಜಾಸ್ತಿ ದುಡ್ಡೂ ಕೊಡಬೇಕು! ಆಮಿಶ್ ಜೀವನದ ಅನುಭವ ಅಂತ ಅದಕ್ಕೊಂದು ಹೆಸರು ಬೇರೆ. ತಂಗಿ ಸುಸಾನಾ ಪುಟ್ಟ ನಾಯಿಯನ್ನು ರವಿಕೆಯೊಳಗೆ ಇಟ್ಟುಕೊಂಡೇ ತಿರುಗುತ್ತಾಳೆ. ನಡುನಡುವೆ ಅಡುಗೆ ವಿಧಾನಗಳೂ ಇವೆ. ನನ್ನ ಪ್ರಕಾರ ಇಲ್ಲಿ ಕೊಲೆಗಾರ ಯಾರು ಅನ್ನೋದಕ್ಕಿಂತ ಮ್ಯಾಗ್ಡಲೀನಾಳ ಬಾಯಿಯೇ ಮುಖ್ಯ.

ಕ್ಯಾಸ್ಟಿಲೊ ಸರಣಿ ಶುರುವಾದದ್ದು 2009ರಲ್ಲಿ, ಜಾಗ ಒಹಾಯೊ. ಆಮಿಶ್ ಮನೆಯಲ್ಲೇ ಬೆಳೆದು, ಆ ಸಮುದಾಯ ಬಿಟ್ಟು ಬಂದ ಕೇಟ್ ಬರ್ಕ್‌ಹೋಲ್ಡರ್ ಈಗ ಪೊಲೀಸ್ ಮುಖ್ಯಸ್ಥೆ. ಮೊದಲ ಪುಸ್ತಕದಲ್ಲೇ ಸರಣಿ ಹಂತಕ, ಘೋರ ಹಿಂಸೆ. ಊಟ ಮಾಡುತ್ತಾ ಓದೋ ಪುಸ್ತಕ ಅಲ್ಲ.

ಆಮಿಶರ ಬದುಕು ಒಳಗಿನಿಂದ ಕಾಣಬೇಕಾದರೆ ಕ್ಯಾಸ್ಟಿಲೊ ವಾಸಿ. ಕೇಟ್‌ಳ ಹಳೆಯ ಗುಟ್ಟೊಂದು ಮೊದಲ ಪುಸ್ತಕದಲ್ಲೇ ಬಿಚ್ಚಿಕೊಳ್ಳುತ್ತದೆ, ಹಾಗಾಗಿ ಅಲ್ಲಿಂದಲೇ ಶುರು ಮಾಡಿ. ಸುಮ್ನೆ ನಗಬೇಕು, ರಾತ್ರಿ ನಿದ್ದೆಯೂ ಬರಬೇಕು ಅಂದರೆ ಮೈಯರ್ಸ್ ತಗೊಳ್ಳಿ. ಮ್ಯಾಗ್ಡಲೀನಾಳ ಮಾತಿನ ಶ್ಲೇಷೆ ಹಿಡಿಸದವರಿಗೆ ಮಾತ್ರ ಅದು ತಲೆನೋವು.