ಸೆವೆನ್ ಸಮುರಾಯ್: ಕಪ್ಪು-ಬಿಳುಪೋ, ಬಣ್ಣದ್ದೋ?

‘ಸೆವೆನ್ ಸಮುರಾಯ್’ ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ ಅವರು ಸಮುರಾಯ್‌ಗಳ, ಅಂದರೆ ಹಳೆಯ ಕಾಲದ ಜಪಾನಿ ಯೋಧರ, ಬಗ್ಗೆ ಕಪ್ಪು-ಬಿಳುಪಿನಲ್ಲಿ ತೆಗೆದ ಸಿನಿಮಾ; ಬಣ್ಣದ ಪ್ರತಿ ಅಂದರೆ ಆಮೇಲೆ ಬಣ್ಣ ತುಂಬಿದ್ದು. ಮೊದಲ ಸಲ ನೋಡುವವರಾದರೆ 1954ರ ಕಪ್ಪು-ಬಿಳುಪು ಪ್ರತಿಯನ್ನೇ ನೋಡಿ. ಕೊನೆಯ ಕಾಳಗ ಧಾರಾಕಾರ ಮಳೆಯಲ್ಲಿ ನಡೆಯುತ್ತದೆ. ಕುರೊಸಾವಾ ಅದನ್ನು ಬೆಳಕು-ನೆರಳಿನ ಲೆಕ್ಕದಲ್ಲೇ ತೆಗೆದಿದ್ದಾರೆ: ಕಪ್ಪು ಕೆಸರು, ಅದರಲ್ಲಿ ನುಗ್ಗುವ ಕುದುರೆಗಳು, ಬೆಳ್ಳಗೆ ಹೊಳೆಯುವ ನೀರಿನ ಗೆರೆಗಳು. ಬಣ್ಣ ತುಂಬಿದರೆ ಈ ಮೊನಚು ಕಮ್ಮಿಯಾಗುತ್ತದೆ. ಬಟ್ಟೆ, ಗುಡಿಸಲುಗಳ ಬಣ್ಣವೆಲ್ಲ ಆಮೇಲೆ ಊಹಿಸಿ ಹಾಕಿದ್ದು ಅಲ್ವಾ?

ಆದರೆ ಸಿನಿಮಾ 207 ನಿಮಿಷ. ಕಪ್ಪು-ಬಿಳುಪು ಅಂದರೆ ಎದ್ದು ಹೋಗುವ ಮಕ್ಕಳನ್ನು ಕೂರಿಸಿಕೊಂಡು ನೋಡುವುದಾದರೆ, ಬಣ್ಣ ತುಂಬಿದ ಪ್ರತಿ ಸಿಕ್ಕರೆ ಅದೇ ವಾಸಿ. ನಟ ತೊಶಿರೊ ಮಿಫುನೆಯ ಆರ್ಭಟ ಅದರಲ್ಲೂ ಹಾಗೇ ಇರುತ್ತದೆ. ಮೊದಲು ಒಂದು ತುಣುಕು ನೋಡಿ, ಮುಖದ ಮೇಲೆ ಬಣ್ಣ ಅಲುಗಾಡಿದರೆ ಬಿಟ್ಟುಬಿಡಿ.

ಸಮುರಾಯ್ ಕಥೆ ಬಣ್ಣದಲ್ಲೇ ಬೇಕು ಅನ್ನುವವರಿಗೆ ಕುರೊಸಾವಾ ಅವರದೇ ‘ರಾನ್’ (1985) ಇದೆ. ಅಲ್ಲಿ ಮೂವರು ಅಣ್ಣತಮ್ಮಂದಿರ ಸೈನ್ಯ ಗುರುತು ಸಿಗುವುದೇ ಹಳದಿ, ಕೆಂಪು, ನೀಲಿ ಬಾವುಟಗಳಿಂದ.