ಸ್ಪ್ಯಾನಿಷ್ ಕಲಿಯಲು ಐದು ಸಾಫ್ಟ್‌ವೇರ್: ಬಾಯಿ ಬಿಡಿಸಿದ್ದು ಯಾವುದು?

ಡುಯೊಲಿಂಗೊ, ಪಿಮ್ಸ್ಲರ್, ಲ್ಯಾಂಗ್ವೇಜ್ ಟ್ರಾನ್ಸ್‌ಫರ್, ಆಂಕಿ, ಡ್ರೀಮಿಂಗ್ ಸ್ಪ್ಯಾನಿಷ್. ಐದನ್ನೂ ಬಳಸಿ ನೋಡಿದ್ದೇನೆ, ಕೆಲವನ್ನು ಒಟ್ಟೊಟ್ಟಿಗೆ. ಯಾವ ಪರೀಕ್ಷೆಗೂ ಅಲ್ಲ, ಸ್ಪೇನ್ ಪ್ರವಾಸಕ್ಕೂ ಅಲ್ಲ. ನಾನಿರುವುದು ಟೆಕ್ಸಸ್‌ನ ಇರ್ವಿಂಗ್‌ನಲ್ಲಿ. ಮನೆ ಹತ್ತಿರದ ಟಾಕೊ ಅಂಗಡಿ, ಲಾಂಡ್ರಿ, ಕಾರ್ ರಿಪೇರಿ, ಎಲ್ಲ ಕಡೆ ಸ್ಪ್ಯಾನಿಷ್ ಕಿವಿಗೆ ಬೀಳುತ್ತದೆ. ಮಾಂಸ ತಿನ್ನದ ನನಗೆ ಅರ್ಜೆಂಟಾಗಿ ಬೇಕಿದ್ದದ್ದು ಒಂದು ಪ್ರಶ್ನೆ: "ಲೋಸ್ ಫ್ರಿಹೋಲೆಸ್ ಯೇವಾನ್ ಮಾಂತೇಕಾ?" ಈ ಬೀನ್ಸ್‌ಗೆ ಹಂದಿ ಕೊಬ್ಬು ಹಾಕಿದ್ದೀರಾ ಅಂತ. ಮೆಕ್ಸಿಕನ್ ಅಡುಗೆಯಲ್ಲಿ ಬೀನ್ಸ್ ಮಸೆದು ಹುರಿಯುವಾಗ ಅದನ್ನು ಹಾಕುವುದು ಮಾಮೂಲು. ಇಂಥದ್ದೊಂದು ಪ್ರಶ್ನೆಯನ್ನು ನಾನೇ ಕಟ್ಟಿ ಕೇಳುವಂತಾಗಬೇಕು, ಬಂದ ಉತ್ತರ ತಿಳಿಯಬೇಕು. ಸಾಫ್ಟ್‌ವೇರ್‌ಗಳನ್ನು ನಾನು ಅಳೆದದ್ದು ಇದರಿಂದಲೇ.

ಎಲ್ಲರೂ ಶುರು ಮಾಡುವುದು ಡುಯೊಲಿಂಗೊದಿಂದ ಅಲ್ವಾ? ಗ್ವಾಟೆಮಾಲಾದ ಲೂಯಿಸ್ ವಾನ್ ಆನ್ ಮತ್ತು ಸ್ವಿಟ್ಜರ್ಲೆಂಡಿನ ಸೆವೆರಿನ್ ಹ್ಯಾಕರ್ ಕಟ್ಟಿದ್ದು, 2012ರಲ್ಲಿ ಎಲ್ಲರ ಕೈಗೆ ಬಂತು. ಜಾಹೀರಾತು ಸಹಿಸಿಕೊಂಡರೆ ಪುಕ್ಕಟೆ. ದಿನಾ ಕೂರುವ ಅಭ್ಯಾಸ ಮಾಡಿಸುವುದರಲ್ಲಿ ಇದನ್ನು ಮೀರಿಸಿದ್ದು ನಾನು ನೋಡಿಲ್ಲ. ಓದುವುದೂ ಬೇಗ ಬರುತ್ತದೆ. ಅಂಗಡಿ ಬೋರ್ಡು, ಸಾಮಾನಿನ ಡಬ್ಬಿ, ಬಸ್ಸಿನ ಸೂಚನೆ ಎಲ್ಲ ಅರ್ಥವಾಗತೊಡಗಿತು. ಆದರೆ ಅಭ್ಯಾಸದಲ್ಲಿ ಬಹುಪಾಲು ತೆರೆಯ ಮೇಲಿನ ಪದಗಳನ್ನು ಒತ್ತಿ ವಾಕ್ಯ ಜೋಡಿಸುವುದು. ಎಂಟು ಪದ ಕಣ್ಣೆದುರು ಇದ್ದರೆ ಸರಿಯಾದ ಐದನ್ನು ಆರಿಸುವುದು ಕಷ್ಟವಲ್ಲ. ಕೌಂಟರಿನಲ್ಲಿ ಆ ಎಂಟು ಪದ ಇರುವುದಿಲ್ಲ. ಮೈಕಿನ ಮುಂದೆ ಮಾತಾಡುವ ಅಭ್ಯಾಸವೂ ಇದೆ, ಆದರೆ ಅಲ್ಲಿ ಮಾಡುವುದು ತೆರೆ ನೋಡಿ ಓದುವ ಕೆಲಸ. ಇನ್ನು ಸ್ಟ್ರೀಕ್, ಅಂದರೆ ಒಂದು ದಿನವೂ ತಪ್ಪಿಸದೆ ಮಾಡಿದ ಲೆಕ್ಕ, ಉಳಿಸಿಕೊಳ್ಳಲು ರಾತ್ರಿ ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ಸುಲಭದ ಪಾಠವೊಂದನ್ನು ಒತ್ತಿ ಮಲಗುವವರು ನಮ್ಮ ಮನೆಯಲ್ಲೇ ಇದ್ದಾರೆ!

ಪಿಮ್ಸ್ಲರ್ ಇದಕ್ಕೆ ಪೂರಾ ಉಲ್ಟಾ. ಅರ್ಧ ಗಂಟೆಯ ಪಾಠ, ಮುಖ್ಯವಾಗಿ ಕಿವಿಗೆ. ಪಾಲ್ ಪಿಮ್ಸ್ಲರ್ 1967ರಲ್ಲಿ ಬರೆದ ಲೇಖನವೊಂದರ ಲೆಕ್ಕಾಚಾರ ಇದರ ತಳದಲ್ಲಿದೆ. ಹೊಸ ಪದ ಕೇಳಿದ 5 ಸೆಕೆಂಡಿಗೆ ಮತ್ತೆ ನೆನಪಿಸಬೇಕು, ಆಮೇಲೆ 25 ಸೆಕೆಂಡಿಗೆ, 2 ನಿಮಿಷಕ್ಕೆ, 10 ನಿಮಿಷಕ್ಕೆ. ಹೀಗೆ ಅಂತರ ಹಿಗ್ಗುತ್ತಾ ಹೋಗುತ್ತದೆ. "ಇದನ್ನು ಹೇಗೆ ಹೇಳುತ್ತೀರಿ?" ಅಂತ ಕೇಳಿ ಅದು ಸುಮ್ಮನಾಗುತ್ತದೆ. ಆ ಮೌನದಲ್ಲಿ ನಾವು ಹೇಳಿಬಿಡಬೇಕು. ಉದ್ದ ಪದವನ್ನು ಬಾಲದಿಂದ ಕಲಿಸುತ್ತಾರೆ: ಕಾನೊ, ಮೆರಿಕಾನೊ, ನೋರ್ತೆಅಮೆರಿಕಾನೊ. ನಾಲಿಗೆ ಎಡವುವುದೇ ಇಲ್ಲ. ಕಾರಿನಲ್ಲಿ ಒಬ್ಬನೇ ಹೋಗುವಾಗ ಇದಕ್ಕಿಂತ ಒಳ್ಳೆಯದಿಲ್ಲ. ಪಕ್ಕದ ಲೇನಿನವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ.

ಕೊರತೆ ಎಂದರೆ ಅದು ಕೊಟ್ಟ ವಾಕ್ಯಗಳು ಗಟ್ಟಿಯಾಗುತ್ತವೆ, ಕೊಡದ ವಾಕ್ಯ ಕಟ್ಟುವುದು ಬರುವುದಿಲ್ಲ. ವ್ಯಾಕರಣ ಬಿಡಿಸಿ ಹೇಳುವುದು ತೀರಾ ಕಮ್ಮಿ. ಶುರುವಿನ ಪಾಠಗಳೆಲ್ಲ ಹೋಟೆಲ್, ಊಟ, ಕುಡಿಯಲು ಏನು ತಗೋತೀರಿ ಅನ್ನುವ ಪ್ರವಾಸಿಯ ಮಾತು. ತಿಂಗಳಿಗೆ ಸುಮಾರು 20 ಡಾಲರ್ ಬೇರೆ.

ಆ ಕೊರತೆ ತುಂಬಿದ್ದು ಒಂದು ಪೈಸೆ ಕೇಳದ ಲ್ಯಾಂಗ್ವೇಜ್ ಟ್ರಾನ್ಸ್‌ಫರ್. ಮಿಹಾಲಿಸ್ ಎಲೆಫ್ತೆರಿಯು ಎಂಬ ಮೇಷ್ಟ್ರು ಒಬ್ಬ ವಿದ್ಯಾರ್ಥಿಗೆ ಕಲಿಸುವ ಧ್ವನಿಮುದ್ರಣ, ಒಟ್ಟು 90 ಪಾಠ. ಕೇಳುವವರು ಪ್ರತಿ ಪ್ರಶ್ನೆಗೂ ಪಾಠ ನಿಲ್ಲಿಸಿ ತಾವೇ ಉತ್ತರ ಹೇಳಬೇಕು. ಬಾಯಿಪಾಠ ಮಾಡಬೇಡಿ, ಯೋಚಿಸಿ ಅನ್ನುತ್ತಾರೆ. ಇಂಗ್ಲಿಷಿನ ಇನ್ವಿಟೇಶನ್ ಗೊತ್ತಲ್ಲ? ಸ್ಪ್ಯಾನಿಷ್‌ನಲ್ಲಿ ಇನ್ವಿತಾಸಿಯೋನ್. ಬಾಲ ಕತ್ತರಿಸಿ ಆರ್ ಹಚ್ಚಿದರೆ ಇನ್ವಿತಾರ್, ಅಂದರೆ ಕರೆಯುವುದು. ಇಂಥ ಇನ್ನೂ ಎಷ್ಟೋ ಪದ ಪುಕ್ಕಟೆ ಸಿಕ್ಕವು. ನನ್ನ ಬೀನ್ಸ್ ಪ್ರಶ್ನೆ ಹುಟ್ಟಿದ್ದೂ ಇಲ್ಲಿ ಕಲಿತ ರೀತಿಯಿಂದಲೇ. ಯೇವಾರ್ (ಇಲ್ಲಿ 'ಒಳಗೊಂಡಿರುವುದು') ಅನ್ನುವ ಕ್ರಿಯಾಪದ ಗೊತ್ತಿತ್ತು, 'ಅವು' ಬಂದಾಗ ಕೊನೆಗೆ ಆನ್ ಹಚ್ಚಬೇಕು ಅನ್ನುವುದು ತಲೆಯಲ್ಲಿ ಕೂತಿತ್ತು, ಯೇವಾನ್ ತಾನಾಗಿ ಬಂತು. ಪಿಮ್ಸ್ಲರ್‌ಗೂ ಇದಕ್ಕೂ ನಡುವೆ ಒಂದನ್ನೇ ಆರಿಸು ಎಂದರೆ ನಾನು ಯೋಚಿಸದೆ ಇದನ್ನೇ ಆರಿಸುತ್ತೇನೆ. ಆದರೆ ಪಾಠ ನಿಲ್ಲಿಸದೆ ಸುಮ್ನೆ ಕೇಳಿಸಿಕೊಂಡು ಹೋದರೆ ಏನೂ ದಕ್ಕದು.

ಇಲ್ಲಿ ನಮ್ಮ ವಿಷಯ ಒಂದು ಹೇಳಬೇಕು. ಈ ಪಾಠಗಳನ್ನೆಲ್ಲ ಮಾಡಿರುವುದು ಇಂಗ್ಲಿಷ್ ಮಾತಾಡುವವರಿಗಾಗಿ. ಕರ್ತೃ ಬಿಟ್ಟು ಕ್ರಿಯಾಪದ ಒಂದರಲ್ಲೇ ಯಾರು ಅಂತ ಹೇಳುವುದನ್ನು ಅವರಿಗೆ ಮತ್ತೆ ಮತ್ತೆ ತಿದ್ದಿ ಕಲಿಸುತ್ತಾರೆ. 'ಬಂದೆ', 'ಬಂದರು' ಅನ್ನುವ ನಮಗೆ ಅದೇನು ಹೊಸದು? "ಮೆ ಗುಸ್ತಾ" ವಿವರಿಸಲು ಪಾಠ ಮಾಡುವವರು ಪಡುವ ಪಾಡು ನೋಡಿದರೆ ನಗು ಬರುತ್ತದೆ. 'ನನಗೆ ಇಷ್ಟ' ಅನ್ನುವ ಜೋಡಣೆ ನಮ್ಮಲ್ಲೇ ಇದೆ. ತ, ದ ಕೂಡ ಹಲ್ಲಿಗೆ ನಾಲಿಗೆ ತಾಗಿಸಿಯೇ ಹೇಳುತ್ತೇವೆ. 'ಕರ್ರಗೆ' ಅನ್ನುವವರಿಗೆ ಸ್ಪ್ಯಾನಿಷ್‌ನ ಒತ್ತು ರಕಾರವೂ ಬರುತ್ತದೆ. ಪಿಮ್ಸ್ಲರ್ ಮೊದಲೇ 'ಉಸ್ತೆದ್', ಅಂದರೆ 'ನೀವು', ಕಲಿಸುವುದು ನನಗೆ ಹಿಡಿಸಿತು. ಗೊತ್ತಿಲ್ಲದ ಹಿರಿಯರನ್ನು ನೀವು ಅನ್ನದೆ ಮಾತಾಡಿಸಲು ನಮಗೆ ಬಾಯಿ ಬರುವುದಿಲ್ಲವಲ್ಲ. ಹಾಗಾಗಿ ಕನ್ನಡಿಗರು ಮೊದಲ ಪಾಠಗಳನ್ನು ಧೈರ್ಯವಾಗಿ ಓಡಿಸಬಹುದು.

ಆಂಕಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2006ರಿಂದ ಇರುವ, ಒಂದು ಬದಿ ಪ್ರಶ್ನೆ ಇನ್ನೊಂದು ಬದಿ ಉತ್ತರ ಇರುವ ನೆನಪಿನ ಕಾರ್ಡುಗಳ ಸಾಫ್ಟ್‌ವೇರ್. ಕಂಪ್ಯೂಟರಿಗೂ ಆಂಡ್ರಾಯ್ಡಿಗೂ ಉಚಿತ, ಐಫೋನಿಗೆ ದುಡ್ಡು. ಬೇರೆಯವರು ಮಾಡಿಟ್ಟ ಸಾವಿರಾರು ಪದಗಳ ಗಂಟು ಇಳಿಸಿಕೊಂಡರೆ ಬೇಸರ ಗ್ಯಾರಂಟಿ. ಅಂಗಡಿಯಲ್ಲಿ ಕೊಬ್ಬಿನ ಡಬ್ಬಿಯ ಮೇಲೆ ಕಂಡ ಮಾಂತೇಕಾ ಥರದ, ನಮಗೇ ಎದುರಾದ ಪದಗಳನ್ನು ಹಾಕಿಕೊಂಡರೆ ಮಾತ್ರ ಉಳಿಯುತ್ತವೆ.

ಪ್ರಶ್ನೆ ಕೇಳುವುದೇನೋ ಕೇಳಬಹುದು, ಉತ್ತರ ತಿಳಿಯುವುದು? ಅಲ್ಲಿ ಗೆದ್ದಿದ್ದು ಡ್ರೀಮಿಂಗ್ ಸ್ಪ್ಯಾನಿಷ್. ಪಾಬ್ಲೊ ರೊಮಾನ್ ಶುರು ಮಾಡಿದ ವಿಡಿಯೊಗಳಿವು. ಚಿತ್ರ ಬರೆದು, ಕೈಸನ್ನೆ ಮಾಡಿ, ಪೂರ್ತಿ ಸ್ಪ್ಯಾನಿಷ್‌ನಲ್ಲೇ ಕಥೆ ಹೇಳುತ್ತಾರೆ. ಇವರು ಹಾಕಿಕೊಟ್ಟ ದಾರಿ 1500 ಗಂಟೆ ಕೇಳುವುದು, ಶುರುವಿನಲ್ಲಿ ಮಾತಾಡಲು ಅವಸರ ಬೇಡ ಅನ್ನುವುದು. ಅಷ್ಟು ತಾಳ್ಮೆ ನನಗಿಲ್ಲ. ಆದರೂ ದಿನಾ ಅಡುಗೆ ಮಾಡುತ್ತಾ ಕೇಳಿದ್ದರ ಫಲ ಅಂಗಡಿಯಲ್ಲಿ ಕಂಡಿತು. ನನ್ನ ಪ್ರಶ್ನೆಗೆ ಕೌಂಟರಿನ ಸೆನ್ಯೋರಾ "ಸಿ, ಪೆರೊ ಪೋಕಿತಾ" ಅಂದರು. ಹೂಂ, ಆದರೆ ಒಂಚೂರೇ! ಜೊತೆಗೆ ಅನ್ನ ಬೇಯಿಸುವುದು ಕೋಳಿ ಸಾರಿನಲ್ಲಿ ಅಂತ ಒಂದೇ ಉಸಿರಿಗೆ ಸೇರಿಸಿದರು. "ಕಾಲ್ದೊ ದೆ ಪೋಯೊ" ಕಿವಿಗೆ ಬಿತ್ತು. ಮೆಣಸಿನಕಾಯಿ ಮತ್ತು ಚೀಸ್ ತುಂಬಿದ ಟಾಕೊ ತಗೊಂಡು ಬಂದೆ.

ಹಾಗಂತ ಯಾವುದರಿಂದಲೂ ಪವಾಡ ನಿರೀಕ್ಷಿಸಬೇಡಿ. ಅಮೆರಿಕದ ರಾಯಭಾರಿ ಅಧಿಕಾರಿಗಳಿಗೆ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆ ಸ್ಪ್ಯಾನಿಷ್‌ಗೆ ಇಟ್ಟುಕೊಂಡ ಲೆಕ್ಕ ಸುಮಾರು ಆರೇಳು ನೂರು ಕ್ಲಾಸ್ ಗಂಟೆ. ದಿನಕ್ಕೆ 15 ನಿಮಿಷ ಆ್ಯಪ್ ಒತ್ತಿದರೆ ವರ್ಷಕ್ಕೆ 91 ಗಂಟೆ. ನೀವೇ ಗುಣಿಸಿ ನೋಡಿ.

ಈಗ ಯಾರಾದರೂ ಕೇಳಿದರೆ ಮೊದಲು ಲ್ಯಾಂಗ್ವೇಜ್ ಟ್ರಾನ್ಸ್‌ಫರ್, ಜೊತೆಗೇ ವಿಡಿಯೊ, ಆಮೇಲೆ ಮಾತಾಡಲು ಒಬ್ಬ ಮನುಷ್ಯ ಅನ್ನುತ್ತೇನೆ. ಕಾರಿನಲ್ಲಿ ದಿನಾ ಓಡಾಡುವವರು ಪಿಮ್ಸ್ಲರ್‌ಗೆ ತಿಂಗಳ ಲೆಕ್ಕದಲ್ಲಿ ದುಡ್ಡು ಕೊಡಲಿ, ವರ್ಷದ ಚಂದಾ ಬೇಡ. ಇಟಾಲಿಯನ್‌ಗೂ ಇದೇ ಕ್ರಮ ನಡೆಯುತ್ತದೆ, ಆದರೆ ಲ್ಯಾಂಗ್ವೇಜ್ ಟ್ರಾನ್ಸ್‌ಫರ್‌ನಲ್ಲಿ ಅದು ಪರಿಚಯದ ಮಟ್ಟಕ್ಕೆ ನಿಲ್ಲುತ್ತದೆ, ಫ್ರೆಂಚೂ ಅಷ್ಟೇ. ಫ್ರೆಂಚ್‌ನಲ್ಲಿ ಬರೆಯುವುದೊಂದು, ಉಚ್ಚರಿಸುವುದೊಂದು. ಅಲ್ಲಿ ಬರೀ ಕೇಳುವ ಪಾಠ ಸಾಲದು, ಅಕ್ಷರ ತೋರಿಸುವ ಡುಯೊಲಿಂಗೊದಂಥದ್ದು ಮೊದಲ ದಿನದಿಂದಲೇ ಪಕ್ಕದಲ್ಲಿರಲಿ.